ಪಿಡಿಎಫ್ ಅರ್ಜಿಗಳಿಂದ ಮಾಹಿತಿ ಹೊರತೆಗೆದದ್ದು ಹೀಗೆ

ಪುಣೆಯ ನಮ್ಮ ಕನ್ನಡ ಸಂಘಕ್ಕೆ ವಿದ್ಯಾರ್ಥಿವೇತನದ ಅರ್ಜಿಗಳು ಪಿಡಿಎಫ್ ಫಾರ್ಮ್ ಆಗಿ ಬರುತ್ತವೆ. ಕೊತ್ರೂಡ್, ಹಡಪ್ಸರ್, ಪಿಂಪ್ರಿ, ಎಲ್ಲ ಕಡೆಯಿಂದ. ಒಂದೊಂದನ್ನೇ ನೋಡಿ ಎಕ್ಸೆಲ್‌ಗೆ ಟೈಪ್ ಮಾಡಿದರೆ ಎಲ್ಲೋ ಒಂದು ಅಂಕ ತಪ್ಪುತ್ತದೆ. ಅದರಿಂದ ಯಾವ ಮಗುವಿಗೂ ನಷ್ಟ ಆಗಬಾರದು, ಅಲ್ವಾ?

ದಾರಿ ಸಿಕ್ಕಿದ್ದು ಪಿಡಿಎಫ್‌ಟಿಕೆ ಎಂಬ ತಂತ್ರಾಂಶದಲ್ಲಿ. ಉಚಿತ, ಆದೇಶ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲೇ ಓಡುತ್ತದೆ. ಉಬುಂಟು ಲಿನಕ್ಸ್‌ನಲ್ಲಿ ಪಿಡಿಎಫ್‌ಟಿಕೆ-ಜಾವಾ ಎಂಬ ಪ್ಯಾಕೇಜ್ ಇದೆ. ಮೊದಲು ಪಿಡಿಎಫ್‌ಟಿಕೆ, ಆಮೇಲೆ ಫೈಲ್ ಹೆಸರು, ಕೊನೆಗೆ 'ಡಂಪ್_ಡೇಟಾ_ಫೀಲ್ಡ್ಸ್' ಎಂದು ಇಂಗ್ಲಿಷಿನಲ್ಲಿ ಬರೆದರೆ ಮುಗಿಯಿತು. ಪ್ರತಿ ಖಾನೆಯ ಬಗೆ, ಹೆಸರು, ಅದರಲ್ಲಿ ತುಂಬಿದ್ದು, ಎಲ್ಲ ಬೇರೆ ಬೇರೆ ಸಾಲಿನಲ್ಲಿ ಬರುತ್ತದೆ. ಖಾನೆಗಳ ನಡುವೆ ಮೂರು ಅಡ್ಡಗೆರೆ.

ತೊಡಕು ಬಂದದ್ದು ಕನ್ನಡದ ಹೆಸರುಗಳಲ್ಲಿ. 'ಕ' ಇರಬೇಕಾದ ಕಡೆ ಕ ಅಂತ ಕಾಣುತ್ತಿತ್ತು. ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಈ ಆದೇಶ ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆಯಾಗಿ ಬರೆಯುತ್ತದೆ, ಅಷ್ಟೇ. ಮಾಹಿತಿ ಕೆಟ್ಟಿಲ್ಲ. ಅದೇ ಆದೇಶದ ಕೊನೆಗೆ '_ಯುಟಿಎಫ್8' ಸೇರಿಸಿದೆ. ಹೆಸರುಗಳು ಅಚ್ಚುಕಟ್ಟಾಗಿ ಕನ್ನಡದಲ್ಲೇ ಬಂದವು. ನನಗಾದ ಖುಷಿ ಅಷ್ಟಿಷ್ಟಲ್ಲ!

ಉಳಿದದ್ದು ಸುಲಭ. ಶೆಲ್‌ನಲ್ಲಿ ಒಂದು ಲೂಪ್ ಹಾಕಿ ಎಲ್ಲ ಫೈಲ್ ಓದಿಸಿದೆ, ಪುಟ್ಟ ಪೈಥಾನ್ ಸ್ಕ್ರಿಪ್ಟ್‌ನಿಂದ ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಫೈಲ್ ಮಾಡಿದೆ.

ಕೆಲವು ಫೈಲ್‌ಗಳಿಂದ ಏನೂ ಬರಲಿಲ್ಲ. ಅವನ್ನು ತುಂಬಿದ ಮೇಲೆ 'ಪ್ರಿಂಟ್ ಟು ಪಿಡಿಎಫ್' ಮಾಡಿದ್ದರು. ಹಾಗೆ ಮಾಡಿದರೆ ಖಾನೆಗಳು ಸಾಮಾನ್ಯವಾಗಿ ಅಳಿದು ಬರೀ ಪುಟ ಉಳಿಯುತ್ತದೆ. ಅವರಿಗೆ ಫೋನ್ ಮಾಡಿ, ಸುಮ್ನೆ ಸೇವ್ ಮಾಡಿದ ಮೂಲ ಫೈಲನ್ನೇ ಕಳಿಸಿ ಎಂದೆ.