ಮುದ್ದೆ ಪಂದ್ಯದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಹಸನು ಮಾಡುವುದು ಹೇಗೆ?

ಕೋಲಾರದ ಕಡೆ ಊರಹಬ್ಬದಲ್ಲಿ ಮುದ್ದೆ ತಿನ್ನುವ ಪಂದ್ಯ ಇಟ್ಟರೆ ಅದರ ಲೆಕ್ಕ ಒಂದಿಷ್ಟು ನೋಟ್‌ಬುಕ್ಕಿನಲ್ಲಿ, ಒಂದಿಷ್ಟು ವಾಟ್ಸ್ಆ್ಯಪ್‌ನಲ್ಲಿ ಉಳಿದಿರುತ್ತದೆ. ನಾಲ್ಕೈದು ವರ್ಷದ್ದನ್ನು ಸೇರಿಸಿ ದಾಖಲೆ ಯಾರದು ಅಂತ ನೋಡಬೇಕಾದರೆ ಮೊದಲು ಪಟ್ಟಿ ಹಸನಾಗಬೇಕು. ಡೇಟಾ ಕೆಲಸ ಕಲಿಯುವವರಿಗೂ ಇದು ಒಳ್ಳೆಯ ಅಭ್ಯಾಸ.

ಮೂಲ ಶೀಟನ್ನು ಮುಟ್ಟಬೇಡಿ, ಕಾಪಿ ಮಾಡಿಕೊಳ್ಳಿ. ಒಂದು ಸಾಲಿಗೆ ಒಬ್ಬ ಸ್ಪರ್ಧಿ, ಒಂದು ವರ್ಷ. ಕಾಲಂಗಳು: ವರ್ಷ, ಹೆಸರು, ಊರು, ವಿಭಾಗ, ಮುದ್ದೆ, ಒಂದು ಮುದ್ದೆಯ ತೂಕ, ನಿಮಿಷ.

ಆಮೇಲೆ ಸಂಖ್ಯೆ. ಜಾಸ್ತಿ ತಲೆನೋವು ಇಲ್ಲೇ. ಒಬ್ಬರು ‘8 ಮುದ್ದೆ’ ಅಂತ ಬರೆದಿದ್ದರೆ ಇನ್ನೊಬ್ಬರದು ‘ಎಂಟೂವರೆ’. ಎಕ್ಸೆಲ್‌ಗೆ ಇವೆರಡೂ ಬರೀ ಅಕ್ಷರ. ಕೂಡಿಸುವ ಸಮ್ (SUM) ಫಾರ್ಮುಲಾ ಅವನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ನೀವಾಗಿ ಜೋಡಣೆ ಬದಲಿಸದಿದ್ದರೆ ಸಂಖ್ಯೆ ಬಲಕ್ಕೆ, ಅಕ್ಷರ ಎಡಕ್ಕೆ ಅಂಟಿರುತ್ತದೆ. ಎಡಕ್ಕೆ ಅಂಟಿದ್ದನ್ನೆಲ್ಲ ಹುಡುಕಿ 8, 8.5 ಅಂತ ತಿದ್ದಿ. ಅರ್ಧ ಮುದ್ದೆಗೆ 1/2 ಅಂತ ಹೊಡೆದರೆ ಅದು ಫೆಬ್ರವರಿ 1 ಆಗಿ ಕೂರಬಹುದು, 0.5 ಹಾಕಿ.

ಅರ್ಧಕ್ಕೇ ಔಟಾದವರಿಗೆ 0 ಬೇಡ, ಖಾನೆ ಖಾಲಿ ಬಿಡಿ. ಸರಾಸರಿ ತೆಗೆಯುವಾಗ ಎಕ್ಸೆಲ್ ಸೊನ್ನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಖಾಲಿಯನ್ನಲ್ಲ.

ಹೆಸರಿನ ಗೋಜಲು ಬೇರೆ. ‘ವೆಂಕಟೇಶಪ್ಪ’, ‘ವೆಂಕಟೇಶ್’ ಇಬ್ಬರೂ ಒಬ್ಬರೇನಾ? ಟ್ರಿಮ್ (TRIM) ಫಾರ್ಮುಲಾ ಹೆಚ್ಚುವರಿ ಸ್ಪೇಸ್ ತೆಗೆಯುತ್ತದೆ, ಅಷ್ಟೇ. ಉಳಿದದ್ದನ್ನು ಆ ಊರಿನವರನ್ನೇ ಕೇಳಬೇಕು.

ನಿಮಿಷದ ಕಾಲಂ ಯಾಕೆ ಅಂತೀರಾ? ಅಮೆರಿಕದ ನೇಥನ್ಸ್ ಹಾಟ್‌ಡಾಗ್ ಪಂದ್ಯ ನೋಡಿ. 2007ರಲ್ಲಿ ಜೋಯಿ ಚೆಸ್ಟ್‌ನಟ್ 66 ತಿಂದು ಗೆದ್ದರು. 2008ರಲ್ಲಿ 59. ಕಮ್ಮಿಯಾಯಿತು ಅಲ್ವಾ? ಆದರೆ ಮೊದಲಿನದು 12 ನಿಮಿಷದ ಪಂದ್ಯ, ಆಮೇಲಿನದು 10 ನಿಮಿಷದ್ದು. ನಿಮಿಷಕ್ಕೆ 5.5 ಇದ್ದದ್ದು 5.9 ಆಗಿದೆ. ಮುದ್ದೆಗೆ ತೂಕವನ್ನೂ ಸೇರಿಸಿ: ಮುದ್ದೆ ಗುಣಿಸು ತೂಕ, ಭಾಗಿಸು ನಿಮಿಷ. ಒಂದೂರಿನ ಮುದ್ದೆ 250 ಗ್ರಾಂ, ಇನ್ನೊಂದೂರಿನದು 400 ಗ್ರಾಂ ಆಗಿದ್ದರೆ ಬರೀ ಎಣಿಕೆಗೆ ಅರ್ಥವೇ ಇಲ್ಲ. ನೇಥನ್ಸ್‌ನಲ್ಲಿ 2011ರಿಂದ ಹೆಂಗಸರ ಪಂದ್ಯ ಬೇರೆ ನಡೆಯುತ್ತದೆ. ವಿಭಾಗದ ಕಾಲಂ ಇಂಥದ್ದಕ್ಕೇ.

ಕೊನೆಗೆ ರ‍್ಯಾಂಕ್. ಅದೇ ನೇಥನ್ಸ್ ಪಂದ್ಯದಲ್ಲಿ 2008ರಲ್ಲಿ ಚೆಸ್ಟ್‌ನಟ್, ಜಪಾನಿನ ಸ್ಪರ್ಧಿ ಕೊಬಯಾಶಿ ಇಬ್ಬರದೂ 59. ಹೆಚ್ಚುವರಿಯಾಗಿ ತಲಾ 5 ತಿನ್ನಿಸಿ, ಮೊದಲು ಮುಗಿಸಿದ ಚೆಸ್ಟ್‌ನಟ್ ಗೆದ್ದರು ಅಂತ ತೀರ್ಮಾನಿಸಿದರು. ಎಕ್ಸೆಲ್‌ನ ರ‍್ಯಾಂಕ್ (RANK) ಫಾರ್ಮುಲಾ ಸಮ ಬಂದ ಇಬ್ಬರಿಗೂ 1 ಕೊಟ್ಟು ಮುಂದಿನವರಿಗೆ 3 ಕೊಡುತ್ತದೆ. ಎರಡನೇ ಬಹುಮಾನದ ಪಾತ್ರೆ ಯಾರಿಗೆ ಅನ್ನುವುದನ್ನು ಕಮಿಟಿಯವರೇ ನೋಡಿಕೊಳ್ಳಲಿ.