ಸೋಲೇ ಕಾಣದ ಸೀಸನ್ ಒಂದನ್ನು ನೋಟಿಸ್ ಬೋರ್ಡಿಗೆ ಹಾಕುವುದು ಹೇಗೆ

ಕಾಲೇಜಿನ ಕ್ರೀಡಾ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಸೆಲೆಕ್ಷನ್ ಯಾವತ್ತು, ಟಿ.ಎ. ಬಿಲ್ಲು ಕೊಡಲು ಕೊನೆಯ ದಿನ ಯಾವುದು, ಟ್ರ್ಯಾಕ್ ಸೂಟ್ ವಾಪಸ್ ಕೊಡದವರು ಯಾರು. ನಾನು ಮಂಡ್ಯದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತೇನೆ. ನವೆಂಬರ್ ಬಂದರೆ ನಮ್ಮ ಬೋರ್ಡಿನ ಅರ್ಧ ಭಾಗ ಖಾಲಿ ಮಾಡಿಸಿ, ಅಲ್ಲಿ ಒಂದು ಹಳೆಯ ಸೀಸನ್ ಹಾಕುತ್ತೇನೆ. 1899ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಸುವಾನಿ ಎಂಬ ಗುಡ್ಡದ ಊರಿನ ಪುಟ್ಟ ಕಾಲೇಜು ಹನ್ನೆರಡು ಫುಟ್‌ಬಾಲ್ ಪಂದ್ಯ ಆಡಿ ಹನ್ನೆರಡನ್ನೂ ಗೆದ್ದಿತು. ಅದರ ಕಥೆ. ನಮ್ಮ ಹುಡುಗರು, ಹುಡುಗಿಯರು ನಿಂತು ಓದುತ್ತಾರೆ. ನಿಮ್ಮ ಕಾಲೇಜಿನಲ್ಲೂ ಮಾಡಬಹುದು. ಖರ್ಚು ಜಾಸ್ತಿ ಇಲ್ಲ.

ಮೊದಲು ತಂಡದ ಆಯ್ಕೆ. ಸೋಲದ ತಂಡಗಳು ಬೇಕಾದಷ್ಟಿವೆ. 1901ರ ಮಿಷಿಗನ್ ತಂಡ ಹನ್ನೊಂದು ಪಂದ್ಯದಲ್ಲಿ 550 ಅಂಕ ಗಳಿಸಿತು, ಎದುರಾಳಿಗಳಿಗೆ ಒಂದು ಅಂಕವನ್ನೂ ಕೊಡಲಿಲ್ಲ. ಆ ಅಂಕಿ ಕೇಳಿದರೆ ಮಕ್ಕಳು ಬಾಯಿ ಮೇಲೆ ಬೆರಳಿಡುತ್ತಾರೆ, ಆಮೇಲೆ ಕ್ಯಾಂಟೀನ್ ಕಡೆ ಹೊರಡುತ್ತಾರೆ. ಗೆದ್ದೇ ಗೆಲ್ಲುತ್ತಾರೆ ಅಂತ ಗೊತ್ತಿರುವ ಪಂದ್ಯದಲ್ಲಿ ಎದೆ ಡವಗುಟ್ಟುವುದು ಎಲ್ಲಿ? ಒಂದು ಕೂದಲೆಳೆಯಲ್ಲಿ ಸೋಲು ತಪ್ಪಿದ ಪಂದ್ಯ ಒಂದಾದರೂ ಇರುವ ಸೀಸನ್ ಹುಡುಕಿ. ಸುವಾನಿಯ ಸೀಸನ್‌ನಲ್ಲಿ ಅದಿದೆ. ಜೊತೆಗೆ ಆರು ದಿನದಲ್ಲಿ ಐದು ಪಂದ್ಯ ಆಡಿದ ರೈಲು ಪ್ರಯಾಣವೂ ಇದೆ.

ಬೇಕಾಗುವ ಸಾಮಾನು: ಎರಡು ಡ್ರಾಯಿಂಗ್ ಶೀಟ್, ಸ್ಕೆಚ್ ಪೆನ್, ಗುಂಡುಪಿನ್ನು, ಒಂದಿಷ್ಟು ಕೆಂಪು ದಾರ, ಅಂಗೈ ಅಗಲದ ಹನ್ನೆರಡು ಚೀಟಿ.

ಒಂದು ಶೀಟಿನ ಮೇಲ್ಭಾಗದಲ್ಲಿ ನಿಯಮ ಬರೆಯಿರಿ. ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಮೊದಲೇ ಹೇಳಿಬಿಡಿ. ನಮ್ಮ ಕಡೆ ಮಕ್ಕಳಿಗೆ ಕಬಡ್ಡಿಯಿಂದ ಹೇಳಿದರೆ ಬೇಗ ಹತ್ತುತ್ತದೆ: ಚೆಂಡು ಹಿಡಿದವನು ರೈಡರ್ ಹಾಗೆ ನುಗ್ಗುತ್ತಾನೆ, ಎದುರಿನವರು ಸೊಂಟ, ಕಾಲು ಹಿಡಿದು ಕೆಡವುತ್ತಾರೆ. ಆಗ ಮೂರು ಸಲದ ನುಗ್ಗಾಟದಲ್ಲಿ ಐದು ಗಜ ಮುಂದೆ ಹೋಗಬೇಕಿತ್ತು. ಆಗದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶವೇ ಇರಲಿಲ್ಲ, ಅದು ಬಂದಿದ್ದು 1906ರಲ್ಲಿ. ಹೊರಗೆ ಬಂದ ಆಟಗಾರ ಮತ್ತೆ ಒಳಗೆ ಹೋಗುವ ಹಾಗಿರಲಿಲ್ಲ. ಈ ನಿಯಮದ ಕೆಳಗೆ ದಪ್ಪ ಗೆರೆ ಎಳೆಯಿರಿ, ರೈಲು ಪ್ರಯಾಣದ ಮಾತು ಬಂದಾಗ ಬೇಕಾಗುತ್ತದೆ.

ಅಂಕದ ಲೆಕ್ಕ ಬೇರೆ ಬಣ್ಣದಲ್ಲಿರಲಿ. ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ 5, ಅದಾದ ಮೇಲಿನ ಕಿಕ್‌ಗೆ 1, ಆಟದ ನಡುವೆ ಕಂಬಗಳ ಮಧ್ಯೆ ಒದ್ದರೆ ಅದಕ್ಕೂ 5. ಇವತ್ತು ಟಚ್‌ಡೌನ್‌ಗೆ 6, ಆ ಒದೆತಕ್ಕೆ 3. ಇಂದಿನ ಲೆಕ್ಕ ಇಟ್ಟುಕೊಂಡು ಹಳೆಯ ಸ್ಕೋರ್ ಓದಿದರೆ ಎಲ್ಲ ಅಡ್ಡಾದಿಡ್ಡಿ ಆಗುತ್ತದೆ.

ಇನ್ನು ಕ್ಯಾಲೆಂಡರ್. ನನ್ನ ಪ್ರಕಾರ ಇಡೀ ಬೋರ್ಡಿನ ಜೀವ ಇದೇ. 'ಹನ್ನೆರಡಕ್ಕೆ ಹನ್ನೆರಡು' ಅಂತ ಒಂದು ಸಾಲು ಬರೆದರೆ ಏನೂ ಕಾಣುವುದಿಲ್ಲ. ದಿನಾಂಕದ ಮೇಲೆ ಚೀಟಿ ಚುಚ್ಚಿದಾಗ ಕಾಣುತ್ತದೆ. ಇನ್ನೊಂದು ಶೀಟಿನಲ್ಲಿ 1899ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮನೆ ಮನೆ ಹಾಕಿ, ವಾರದ ಹೆಸರೂ ಬರೆಯಿರಿ. ಮೊದಲ ನಾಲ್ಕು ಚೀಟಿ ಒಂದೇ ಸಲ ಹಾಕಬಹುದು: ಅಕ್ಟೋಬರ್ 21ಕ್ಕೆ ಜಾರ್ಜಿಯಾ ಮೇಲೆ 12–0, 23ಕ್ಕೆ ಜಾರ್ಜಿಯಾ ಟೆಕ್ ಮೇಲೆ 32–0, 28ಕ್ಕೆ ಟೆನೆಸಿ ಮೇಲೆ 46–0, ನವೆಂಬರ್ 3ಕ್ಕೆ ಸೌತ್‌ವೆಸ್ಟರ್ನ್ ಪ್ರೆಸ್ಬಿಟೇರಿಯನ್ ಮೇಲೆ 54–0.

ಮುಂದಿನ ಚೀಟಿಗಳನ್ನು ಅವಸರಪಟ್ಟು ಹಾಕಬೇಡಿ. ಆಯಾ ದಿನವೇ ಹಾಕಿ. ನವೆಂಬರ್ 9, ಗುರುವಾರ, ಆಸ್ಟಿನ್‌ನಲ್ಲಿ ಟೆಕ್ಸಾಸ್ ಮೇಲೆ 12–0. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಮೇಲೆ 10–0. ಅದರ ಮರುದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ 23–0. 12ನೇ ತಾರೀಕು ಭಾನುವಾರ, ಆಟವಿಲ್ಲ, ಆ ಮನೆ ಖಾಲಿ ಬಿಡಿ. 13ಕ್ಕೆ ಬ್ಯಾಟನ್ ರೂಜ್‌ನಲ್ಲಿ ಎಲ್‌ಎಸ್‌ಯು ಮೇಲೆ 34–0. 14ಕ್ಕೆ ಮೆಂಫಿಸ್‌ನಲ್ಲಿ ಮಿಸಿಸಿಪಿ ಮೇಲೆ 12–0.

ಮೂರನೇ ಚೀಟಿ ಹಾಕುವ ಹೊತ್ತಿಗೆ ಬೋರ್ಡಿನ ಮುಂದೆ ಗುಂಪು ಸೇರಿರುತ್ತದೆ. ನಮ್ಮ ಕಬಡ್ಡಿ ಹುಡುಗನೊಬ್ಬ ಒಮ್ಮೆ ಮೊಣಕಾಲಿಗೆ ಕಟ್ಟಿದ ಕ್ರೇಪ್ ಬ್ಯಾಂಡೇಜ್ ಬಿಚ್ಚುತ್ತಾ ನಿಂತಿದ್ದ. "ಮೇಡಂ, ದಿನಾ ದಿನಾ ಬೇರೆ ಬೇರೆ ಟೀಮ್ ಮೇಲಾ? ಇವ್ರು ಮಾತ್ರ ಅವ್ರೇ ಹುಡುಗ್ರಾ?" ಅಂದ. "ಹೂಂ ಕಣಪ್ಪ, ಅವರೇ" ಅಂದೆ. ಅವನು ಬ್ಯಾಂಡೇಜನ್ನು ಕೈಗೆ ಸುತ್ತಿಕೊಂಡು, ನಿಯಮದ ಶೀಟಿನ ಹತ್ತಿರ ಹೋಗಿ, ಆ ದಪ್ಪ ಗೆರೆಯ ಸಾಲನ್ನು ಮತ್ತೆ ಓದಿದ. ಎರಡು ದಿನ ಬಿಡದೆ ಟೂರ್ನಮೆಂಟ್ ಆಡಿದವರಿಗೆ ಮೈ ನೋವು ಗೊತ್ತು. ಅವರಿಗೆ ನಾವು ವಿವರಿಸಿ ಹೇಳಬೇಕಾಗಿಲ್ಲ.

ಕ್ಯಾಲೆಂಡರ್ ಪಕ್ಕದಲ್ಲಿ ನಕ್ಷೆ ಬರೆಸಿ. ಸುವಾನಿ, ಆಸ್ಟಿನ್, ಹ್ಯೂಸ್ಟನ್, ನ್ಯೂ ಆರ್ಲಿಯನ್ಸ್, ಬ್ಯಾಟನ್ ರೂಜ್, ಮೆಂಫಿಸ್, ಮತ್ತೆ ಸುವಾನಿ. ಒಂದೊಂದು ಊರಿಗೆ ಒಂದು ಪಿನ್ನು, ಪಿನ್ನಿನಿಂದ ಪಿನ್ನಿಗೆ ಕೆಂಪು ದಾರ. ಒಟ್ಟು ಸುಮಾರು 2,500 ಮೈಲಿ, ಅಂದರೆ 4,000 ಕಿಲೋಮೀಟರ್. ಮಂಡ್ಯದಿಂದ ದೆಹಲಿಗೆ ರೈಲಲ್ಲಿ ಹೋಗಿ, ವಾಪಸ್ ಅರ್ಧ ದಾರಿಗಿಂತ ಜಾಸ್ತಿ ಬಂದ ಹಾಗೆ ಅಂತ ಬರೆಯಿರಿ. ಆ ಕಾಲ ಎಷ್ಟು ಹಿಂದಿನದು ಅಂತ ತಿಳಿಸಲು ನಮ್ಮೂರಿನ ಒಂದು ಸಾಲೂ ಸೇರಿಸಿ. 1899ರಲ್ಲಿ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಕನ್ನಂಬಾಡಿ ಕಟ್ಟೆ ಇಲ್ಲ, ಸಕ್ಕರೆ ಕಾರ್ಖಾನೆ ಇಲ್ಲ. ಮೈಸೂರಿನ ಹಳೆಯ ಮರದ ಅರಮನೆ ಸುಟ್ಟು ಎರಡು ವರ್ಷವಾಗಿ, ಹೊಸದನ್ನು ಕಟ್ಟುತ್ತಿದ್ದರು. ಆದರೆ ಬೆಂಗಳೂರು–ಮೈಸೂರು ರೈಲು ಮಾತ್ರ ಆಗಲೇ ಮಂಡ್ಯದ ಮೇಲೆ ಓಡುತ್ತಿತ್ತು.

ಈ ಪ್ರಯಾಣ ಯಾಕೆ ಬೇಕಾಯಿತು ಅನ್ನುವುದನ್ನೂ ಹಾಕಿ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡದ ಜೊತೆ ಪ್ರತಿ ವರ್ಷ ಆಡುವ ಪಂದ್ಯದಲ್ಲಿ ಟಿಕೆಟ್ ಹಣ ಹಂಚಿಕೊಳ್ಳುವ ವಿಷಯಕ್ಕೆ ಜಗಳವಾಗಿ ಪಂದ್ಯ ನಿಂತಿತು. ಆ ಹಣ ಎಲ್ಲಿಂದಾದರೂ ತರಬೇಕಿತ್ತು. ತಂಡದ ಮ್ಯಾನೇಜರ್ ಲೂಕ್ ಲೀ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ. ದೊಡ್ಡ ದೊಡ್ಡ ಊರಿನ ತಂಡಗಳ ಜೊತೆ ಮಾತಾಡಿ ಈ ಐದು ಪಂದ್ಯ ಗೊತ್ತುಮಾಡಿದ್ದು ಅವನೇ. ಕೋಚ್ ಬಿಲ್ಲಿ ಸೂಟರ್, ಕ್ಯಾಪ್ಟನ್ ಹೆನ್ರಿ ಸೀಬಲ್ಸ್ ಇವರ ಹೆಸರೂ ಇರಲಿ, ಆದರೆ ಲೀ ಹೆಸರನ್ನು ದೊಡ್ಡದಾಗಿ ಬರೆಯಿರಿ. ತಂಡದ ಜೊತೆ ಬಂದು ಚೀಲ ಕಾಯುವ, ಸ್ಕೋರ್ ಬರೆಯುವ, ಬಸ್ಸಿಗೆ ಓಡುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಅವರ ಹೆಸರು ಯಾವ ಬೋರ್ಡಿನಲ್ಲೂ ಬರುವುದಿಲ್ಲ, ಅಲ್ವಾ? ಲೀ ಮುಂದೆ ಪತ್ರಿಕೆ ಕಟ್ಟಿದ, ಅಮೆರಿಕದ ಸೆನೆಟರ್ ಆದ. 1919ರಲ್ಲಿ ಹಾಲೆಂಡಿಗೆ ಹೋಗಿ ಜರ್ಮನಿಯ ಮಾಜಿ ಚಕ್ರವರ್ತಿಯನ್ನೇ ಹಿಡಿದು ತರಲು ನೋಡಿದ! ಅದಕ್ಕೆ ಬೇರೆ ಬೋರ್ಡೇ ಬೇಕು.

ಹಳೆಯ ತಂಡದ ಸುತ್ತ ಕಥೆಗಳೂ ಬೆಳೆದಿರುತ್ತವೆ. ಹೊರಡುವಾಗ ಆಟಗಾರರ ಬೂಟುಗಳು ಸ್ಟೇಷನ್ನಿನಲ್ಲೇ ಉಳಿದುಹೋಗಿ, ಹಿಂದಿನ ರೈಲಿನಲ್ಲಿ ತರಿಸಿಕೊಂಡರಂತೆ. ಕುಡಿಯಲು ಊರಿನ ನೀರನ್ನೇ ಪೀಪಾಯಿಯಲ್ಲಿ ತುಂಬಿಕೊಂಡು ಹೋಗಿದ್ದರಂತೆ. ಇವನ್ನು ಬಿಡಬೇಡಿ, ಆದರೆ ಹಸಿರು ಶಾಯಿಯಲ್ಲಿ ಬರೆದು, ಹಸಿರು ಅಂದರೆ ಬಾಯಿಂದ ಬಾಯಿಗೆ ಬಂದ ಮಾತು ಅಂತ ಕೆಳಗೆ ತಿಳಿಸಿ. ಸ್ಕೋರು, ದಿನಾಂಕ ಎಲ್ಲ ನೀಲಿಯಲ್ಲಿ. ಎರಡನ್ನೂ ಬೆರೆಸಿದರೆ ಮಕ್ಕಳು ನೀಲಿಯನ್ನೂ ನಂಬುವುದಿಲ್ಲ.

ನವೆಂಬರ್ 20ಕ್ಕೆ ಕಂಬರ್‌ಲ್ಯಾಂಡ್ ಮೇಲೆ 71–0. ಈ ಚೀಟಿ ಸುಮ್ನೆ ಹಾಕಿ ಮುಂದೆ ಹೋಗಿ. ನವೆಂಬರ್ 30ರ ಚೀಟಿಯನ್ನು ಮಾತ್ರ ಮಡಚಿ ಹಾಕಿ, ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಯಾರಾದರೂ ಒಬ್ಬರಿಂದ ಬಿಚ್ಚಿಸಿ. ಅವತ್ತು ಆಬರ್ನ್ ತಂಡದ ಮೇಲೆ 11–10. ಆಬರ್ನ್ ಕೋಚ್ ಜಾನ್ ಹೈಸ್ಮನ್, ಇವತ್ತು ಅಮೆರಿಕದ ಕಾಲೇಜು ಫುಟ್‌ಬಾಲಿನ ದೊಡ್ಡ ಪ್ರಶಸ್ತಿ ಅವರ ಹೆಸರಿನಲ್ಲೇ ಇದೆ. ಇಡೀ ಸೀಸನ್‌ನಲ್ಲಿ ಸುವಾನಿ ಬಿಟ್ಟುಕೊಟ್ಟ ಅಂಕ ಆ ಹತ್ತೇ. ಈಗ ಮಕ್ಕಳಿಗೆ ಅಂಕದ ಲೆಕ್ಕ ತೋರಿಸಿ ಕೇಳಿ: ಹತ್ತು ಹೇಗೆ ಬರುತ್ತದೆ, ಹನ್ನೊಂದು ಹೇಗೆ? ಎರಡು ಐದು ಇವರಿಗೂ, ಎರಡು ಐದು ಅವರಿಗೂ. ಉಳಿದದ್ದು ಒಂದೇ ಒಂದು ಕಿಕ್. ಆ ಒಂದು ಅಂಕ ತಪ್ಪಿದ್ದರೆ ಹಿಂದಿನ ಅಷ್ಟೂ ಚೀಟಿಗಳ ಕಥೆ ಬೇರೆಯೇ ಆಗುತ್ತಿತ್ತು. ಇದನ್ನು ನೀವು ಹೇಳಬೇಡಿ, ಅವರ ಬಾಯಿಂದಲೇ ಬರಲಿ. ಅಂಪೈರಿಂಗ್ ಸರಿಯಿರಲಿಲ್ಲ ಅಂತ ಹೈಸ್ಮನ್ ಪತ್ರಿಕೆಗೆ ಬರೆದದ್ದನ್ನೂ ಪಕ್ಕದಲ್ಲೇ ಹಾಕಿ. ಸೋತವರ ಮಾತಿಗೂ ಜಾಗ ಇರಬೇಕು.

ಕೊನೆಯ ಚೀಟಿ ಡಿಸೆಂಬರ್ 2, ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲಿನಾ ಮೇಲೆ 5–0. ಮಕ್ಕಳಿಂದಲೇ ಎಲ್ಲವನ್ನೂ ಕೂಡಿಸಿ, 322 ಬರಬೇಕು. ಬರದಿದ್ದರೆ ಯಾವುದೋ ಚೀಟಿಯಲ್ಲಿ ಅಂಕಿ ಅದಲುಬದಲಾಗಿದೆ ಅಂತ ಅರ್ಥ.

"ಈಗ ಆ ಟೀಮ್ ಎಲ್ಲಿದೆ ಮೇಡಂ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಉತ್ತರದ ಚೀಟಿ ಮೊದಲೇ ಬರೆದಿಟ್ಟುಕೊಂಡಿರಿ. 1932ರಲ್ಲಿ ಸುವಾನಿ ದೊಡ್ಡ ಕಾಲೇಜುಗಳ ಜೊತೆ ಸೇರಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ಲೀಗ್ ಕಟ್ಟಿತು. ಅಲ್ಲಿ ಆಡಿದ 37 ಪಂದ್ಯಗಳನ್ನೂ ಸೋತು, 1940ರಲ್ಲಿ ಹೊರಬಂತು. ಈಗ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲದ ಸಣ್ಣ ಕಾಲೇಜುಗಳ ವಿಭಾಗದಲ್ಲಿ ಆಡುತ್ತಿದೆ. ಇದನ್ನು ಮುಚ್ಚಿಡಬೇಡಿ. ಡಿಸೆಂಬರ್ 2ರ ಚೀಟಿಯ ಕೆಳಗೆ, ಅದೇ ನೀಲಿ ಶಾಯಿಯಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ.