ಆ ದೋಣಿಯನ್ನು ನಾನೂ ಅಳಿಸಿದೆ

ಕೆಲಸಕ್ಕೆಂದು ಬರ್ಲಿನ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಆಲ್ಟೆ ನ್ಯಾಷನಲ್‌ಗ್ಯಾಲರಿ ಎಂಬ ಕಲಾ ಸಂಗ್ರಹಾಲಯದಲ್ಲಿ ಒಂದೇ ಚಿತ್ರದ ಎದುರು ಎಷ್ಟೋ ಭಾನುವಾರ ಕಳೆದೆ. ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಖ್ ಬರೆದ ‘ಕಡಲ ತಡಿಯ ಸನ್ಯಾಸಿ’. ಮುಕ್ಕಾಲು ಭಾಗಕ್ಕೂ ಜಾಸ್ತಿ ಬರೀ ಆಕಾಶ. ಕೆಳಗೆ ಕಪ್ಪು ಕಡಲು, ಬಿಳಿಚಿದ ದಂಡೆ, ಬೆನ್ನು ತಿರುಗಿಸಿ ನಿಂತ ಒಬ್ಬ ಸಣ್ಣ ಮನುಷ್ಯ. ಅಷ್ಟೇ.

ಮೂರರಲ್ಲೊಂದು ಅಳತೆಯಲ್ಲಿ ಮನೆಯಲ್ಲೇ ಅದರ ನಕಲು ಮಾಡಲು ಕೂತೆ. ಮೊದಲ ಕ್ಯಾನ್ವಾಸ್ ಹಾಳಾಯಿತು. ಆಕಾಶದ ತಳಬಣ್ಣ ಒಣಗುವ ಮೊದಲೇ ಮೇಲೆ ನೀಲಿ ಎಳೆದಿದ್ದೆ, ಎರಡೂ ಕಲಸಿ ಕೆಸರಾಯಿತು. ಎರಡನೆಯದರಲ್ಲಿ ಬಣ್ಣಕ್ಕೆ ಲಿನ್ಸೀಡ್ ಎಣ್ಣೆ ಬೆರೆಸಿ, ಹಿಂದಿನ ಪದರ ಕಾಣುವಷ್ಟು ತೆಳ್ಳಗೆ ಹಚ್ಚಿದೆ. ಒಂದು ಪದರಕ್ಕೆ ಒಂದು ವಾರ ಕಾದೆ. ಆಕಾಶ ಚೆನ್ನಾಗಿಯೇ ಬಂತು. ಆದರೆ ಕಡಲಿನ ಆ ಖಾಲಿತನ ತಡೆಯಲಾಗದೆ ಒಂದು ದೋಣಿ ಸೇರಿಸಿಬಿಟ್ಟೆ.

ಆಮೇಲೆ ಓದಿ ತಿಳಿಯಿತು. ಫ್ರೀಡ್ರಿಖ್ ಕೂಡ ಮೊದಲು ಹಡಗುಗಳನ್ನು ಬರೆದಿದ್ದ! ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ಅವು ಇವತ್ತಿಗೂ ಬಣ್ಣದಡಿಯಲ್ಲಿ ಕಾಣುತ್ತವೆ. ಅವನೇ ಅವುಗಳ ಮೇಲೆ ಬಣ್ಣ ಬಳಿದು ಮುಚ್ಚಿದ. 1809ರಲ್ಲಿ ಈ ಚಿತ್ರ ನೋಡಿದ ಮರೀ ಹೆಲೆನೆ ಫಾನ್ ಕ್ಯೂಗೆಲ್ಗೆನ್ ಎಂಬ ಚಿತ್ರಕಾರನ ಹೆಂಡತಿ, ದೋಣಿಯಿಲ್ಲ, ಹಡಗಿಲ್ಲ, ಕಡಲ ಭೂತವೂ ಇಲ್ಲ ಎಂದು ಪತ್ರದಲ್ಲಿ ಬೇಸರ ತೋಡಿಕೊಂಡಿದ್ದಳು. ಮರುವರ್ಷ ಬರ್ಲಿನ್‌ನ ಪ್ರದರ್ಶನದಲ್ಲಿಟ್ಟಾಗ ಪ್ರಷ್ಯಾದ ಅರಸನೇ ಅದನ್ನು ಕೊಂಡುಕೊಂಡ.

ಫೆಬ್ರವರಿಯಲ್ಲಿ ಫ್ರೀಡ್ರಿಖ್‌ನ ಹುಟ್ಟೂರು ಗ್ರೈಫ್ಸ್‌ವಾಲ್ಡ್‌ಗೆ ಹೋದೆ. ಅವನು 1774ರಲ್ಲಿ ಅಲ್ಲಿ ಹುಟ್ಟಿದ. ಅಪ್ಪ ಸೋಪು, ಮೇಣದಬತ್ತಿ ಮಾಡುತ್ತಿದ್ದ. 1781ರಲ್ಲೇ ತಾಯಿ ತೀರಿಕೊಂಡಳು. 1787ರಲ್ಲಿ ಅವನ ತಮ್ಮ ನೀರಿನಲ್ಲಿ ಮುಳುಗಿ ಸತ್ತ. ಆ ನೋವೇ ಚಿತ್ರದ ಕಡಲಾಯಿತು ಎನ್ನುವುದು ಸುಲಭ, ನಾನು ಹಾಗೆ ಹೇಳಲಾರೆ. ಬಂದರಿನ ದಂಡೆಯಲ್ಲಿ ನಿಂತು ನೋಡಿದ್ದು ಬಣ್ಣವನ್ನು ಮಾತ್ರ. ನೀರು ಕಪ್ಪಲ್ಲ. ಹಸಿರು ಬೆರೆತ ಬೂದು, ಮೋಡ ಸರಿದಾಗ ಒಂದು ಗಳಿಗೆ ಸೀಸದ ಹಾಗೆ ಮಿನುಗುತ್ತದೆ.

ಅವನ ಕೊನೆಗಾಲ ನೆನೆದರೆ ಸಂಕಟವಾಗುತ್ತದೆ. 1835ರಲ್ಲಿ ಪಾರ್ಶ್ವವಾಯು ಬಡಿದು ತೈಲವರ್ಣದ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. 1840ರಲ್ಲಿ ಡ್ರೆಸ್ಡನ್‌ನಲ್ಲಿ ತೀರಿಕೊಂಡಾಗ ಜನ ಅವನನ್ನು ಬಹುತೇಕ ಮರೆತಿದ್ದರು. 1906ರ ಬರ್ಲಿನ್ ಪ್ರದರ್ಶನದಲ್ಲಿ ಮತ್ತೆ ಕಣ್ಣಿಗೆ ಬಿದ್ದ.

ಮನೆಗೆ ಬಂದವನೇ ಆ ಹಸಿರು ಬೂದು ಬಣ್ಣವನ್ನು ಕಲಸಿ ದೋಣಿಯ ಮೇಲೆ ಎಳೆದೆ. ಒಂದೇ ಪದರಕ್ಕೆ ಮುಚ್ಚಲಿಲ್ಲ. ಹಾಯಿಯ ಅಂಚು ಮೂರು ವಾರ ಇಣುಕುತ್ತಲೇ ಇತ್ತು. ಅದು ಪೂರ್ತಿ ಮರೆಯಾದ ದಿನ ಸಣ್ಣ ಕುಂಚ ತೆಗೆದುಕೊಂಡು ಸನ್ಯಾಸಿಯನ್ನು ಬರೆಯಲು ಕೂತೆ.